ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಕ್ಯಾಂಪ್: ಪುಕ್ಕಟೆಯದ್ದು, ದುಡ್ಡು ಕೊಟ್ಟದ್ದು, ನಾವೇ ನಡೆಸಿದ್ದು

ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆರಂಭದ ಹಂತ ದಾಟಿದವರು ಅಡ್ವಾನ್ಸ್ಡ್ ಕ್ಯಾಂಪ್‌ಗೆ ಎಷ್ಟಾಗುತ್ತೆ ಅಂತ ವಿಚಾರಿಸಿದರೆ ಸಂಘಟಕರು ಶುಲ್ಕದ ಅಂಕಿ ಹೇಳಿ ಫೋನ್ ಇಡುತ್ತಾರೆ. ನಮ್ಮ ಖರ್ಚಿನಲ್ಲಿ ಆ ಅಂಕಿಯ ಪಾಲು ಅರ್ಧವೋ, ಅದಕ್ಕಿಂತ ಕಡಿಮೆಯೋ. ನಾನು ಹುಬ್ಬಳ್ಳಿಯವಳು. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ಪರ್ಶವಿಲ್ಲ, ಅಂಕಣದಲ್ಲಿ ನನ್ನ ಕ್ಲಾಸ್ 1.5. ಮೂರು ಬಗೆಯ ಕ್ಯಾಂಪ್ ನೋಡಿದ್ದೇನೆ: ಚೆನ್ನೈಯಲ್ಲಿ ಒಂದು ಸಂಸ್ಥೆ ನಡೆಸಿದ ಶುಲ್ಕವಿಲ್ಲದ ಕ್ಯಾಂಪ್, ಪುಣೆಯಲ್ಲಿ ಖಾಸಗಿಯವರ ದುಬಾರಿ ಕ್ಯಾಂಪ್, ಹುಬ್ಬಳ್ಳಿಯಲ್ಲೇ ನಾವು ಗೆಳೆಯರು ಸೇರಿ ಕೋಚ್ ಕರೆಸಿ ಮಾಡಿಕೊಂಡದ್ದು. ಸಂಸ್ಥೆಗಳ ಹೆಸರು ಹಾಕುತ್ತಿಲ್ಲ. ಲೆಕ್ಕ ಮಾತ್ರ ಪೂರ್ತಿ ಕೊಡುತ್ತೇನೆ.

ಕ್ಲಾಸ್ ಬಗ್ಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಈ ಆಟದಲ್ಲಿ ಪ್ರತಿಯೊಬ್ಬರಿಗೂ ದೇಹದ ಹಿಡಿತ ನೋಡಿ 1.0ರಿಂದ 4.5ರವರೆಗೆ ಪಾಯಿಂಟ್ ಕೊಡುತ್ತಾರೆ. ಅಂಕಣದಲ್ಲಿರುವ ಐವರ ಪಾಯಿಂಟ್ ಕೂಡಿಸಿದರೆ 14 ಮೀರಬಾರದು. ಸೊಂಟ ತಿರುಗಿಸಿ, ಬಾಗಿ, ಮತ್ತೆ ನೆಟ್ಟಗೆ ಕೂರಬಲ್ಲವರು ಹೈ ಪಾಯಿಂಟರ್. ನನ್ನಂಥವರು ಲೋ ಪಾಯಿಂಟರ್. ರಿಂಗಿನ ಎತ್ತರ ಎಲ್ಲರಿಗೂ ಅದೇ 3.05 ಮೀಟರ್. ಬಾಲ್ ಹಾಕುವ ಕೆಲಸ ಹೆಚ್ಚಾಗಿ ಹೈ ಪಾಯಿಂಟರ್‌ದು. ಅವರಿಗೆ ದಾರಿ ಬಿಡಿಸಿಕೊಡುವುದು ನಮ್ಮ ಕೆಲಸ: ಎದುರಾಳಿಯ ಚಕ್ರಕ್ಕೆ ಅಡ್ಡ ನಿಲ್ಲುವ ಪಿಕ್, ಅವನನ್ನು ಬೆನ್ನ ಹಿಂದೆಯೇ ಹಿಡಿದಿಡುವ ಸೀಲ್, ಅವರ ದೊಡ್ಡ ಆಟಗಾರನನ್ನು ಅಂಕಣದ ಆ ತುದಿಯಲ್ಲೇ ಕಟ್ಟಿಹಾಕಿ ಈ ತುದಿಯಲ್ಲಿ ನಮ್ಮವರಿಗೆ ಅವನ ಕಾಟವಿಲ್ಲದಂತೆ ಮಾಡುವುದು. ಇದನ್ನು ಕಲಿಸದ ಕ್ಯಾಂಪ್ ಎಷ್ಟು ಅಗ್ಗವಾದರೂ ನನಗೆ ದುಬಾರಿಯೇ.

ಚೆನ್ನೈ ಕ್ಯಾಂಪಿಗೆ ಶುಲ್ಕ ಸೊನ್ನೆ, ನನ್ನ ಊಟ ವಸತಿಯೂ ಅವರದೇ. ನನಗೆ ಒಬ್ಬಳೇ ಪ್ರಯಾಣ ಮಾಡಲು ಆಗುವುದಿಲ್ಲವಾದ್ದರಿಂದ ಅವ್ವ ಜೊತೆಗೆ ಬಂದಳು; ಅವಳ ಊಟ, ವಸತಿಗೆ 3,500. ರೈಲಿಗೆ ಇಬ್ಬರಿಗೂ ಸ್ಲೀಪರ್‌ನಲ್ಲಿ 75% ರಿಯಾಯಿತಿ ಇದೆ (ರೈಲ್ವೆಯ ಗುರುತಿನ ಚೀಟಿ ಮೊದಲೇ ಮಾಡಿಸಿಟ್ಟುಕೊಳ್ಳಿ, ಜೊತೆಗಾರರಿಗೂ ಅಷ್ಟೇ ರಿಯಾಯಿತಿ), ಹೋಗಿ ಬರಲು 600ರೊಳಗೆ ಮುಗಿಯಿತು. ಹಣ ಹೋದದ್ದು ಆಟದ ಚೇರ್‌ಗೆ. ಅದು ಮಡಚುವ ಚೇರ್ ಅಲ್ಲ. ಚಕ್ರಗಳು ಕೆಳಗೆ ಅಗಲವಾಗಿ ಓರೆಯಾಗಿ ನಿಂತಿರುತ್ತವೆ, ಹಾಗೇ ಬೋಗಿಯ ಬಾಗಿಲಲ್ಲಿ ತೂರುವುದಿಲ್ಲ. ಪ್ಲಾಟ್‌ಫಾರ್ಮ್ ಮೇಲೆಯೇ ಚಕ್ರದ ಗುಂಡಿ ಒತ್ತಿ ಎರಡನ್ನೂ ಬಿಚ್ಚಬೇಕು, ಫ್ರೇಮ್ ಒಂದು ಕೈಯಿಂದ, ಚಕ್ರ ಇನ್ನೊಂದು ಕೈಯಿಂದ ಒಳಗೆ ಹೋಗಬೇಕು, ಆಮೇಲೆ ದಿನಬಳಕೆಯ ಚೇರ್‌ನಿಂದ ನನ್ನನ್ನು ಎತ್ತಬೇಕು. ರೈಲು ನಿಲ್ಲುವ ಹೊತ್ತಿನಲ್ಲಿ ಅವ್ವ ಒಬ್ಬಳಿಂದ ಇದು ಆಗದ ಮಾತು, ಹಾಗಾಗಿ ಕೂಲಿಗೆ 800. ಎರಡು ಚೇರ್, ಇಬ್ಬರು ಮನುಷ್ಯರು ಒಂದು ಆಟೊದಲ್ಲಿ ಹಿಡಿಸುವುದಿಲ್ಲ; ಸಾಮಾನಿನ ಗಾಡಿ ಬೇರೆ, ನಮ್ಮ ಆಟೊ ಬೇರೆ, ಎರಡೂ ಊರಲ್ಲಿ ಸೇರಿ 2,800. ಟ್ಯೂಬು, ಟೈರಿಗೆ 900. ಸಂಬಳ ಕಡಿತ 4,500. ಹೀಗೆ ಪುಕ್ಕಟೆ ಕ್ಯಾಂಪಿಗೆ ಬಿದ್ದದ್ದು 13,100 ರೂಪಾಯಿ.

ಆಟದ ಮಟ್ಟ ಮಾತ್ರ ಅಲ್ಲಿ ಬಹಳ ಚೆನ್ನಾಗಿತ್ತು. ದೇಶದ ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಚೆನ್ನೈಯಲ್ಲೇ ಹುಟ್ಟಿದ್ದು, ಮೊದಲ ರಾಷ್ಟ್ರೀಯ ಪಂದ್ಯಾವಳಿ 2014ರಲ್ಲಿ ನಡೆದದ್ದೂ ಆ ಊರಲ್ಲೇ. ಆಡುವವರ ಸಂಖ್ಯೆ ಅಲ್ಲಿ ದೊಡ್ಡದು. ಎಲ್ಲ ಕ್ಲಾಸಿನವರೂ ಸಿಗುವುದರಿಂದ ಸಂಜೆ ಹೊತ್ತು 14 ಪಾಯಿಂಟ್ ಸರಿಯಾಗಿ ಹೊಂದಿಸಿ ಪೂರ್ತಿ ಪಂದ್ಯ ಆಡಿಸುತ್ತಿದ್ದರು. 4.5 ಪಾಯಿಂಟಿನವನು ಓಡಿ ಬರುವಾಗ ಯಾವ ಕೋನದಲ್ಲಿ ಚೇರ್ ಅಡ್ಡ ಇಟ್ಟರೆ ಅವನು ನಿಲ್ಲುತ್ತಾನೆ ಅನ್ನುವುದು ಬೋರ್ಡಿನ ಮೇಲೆ ಗೆರೆ ಎಳೆದರೆ ಬರುವ ವಿದ್ಯೆಯಲ್ಲ, ನಿಜವಾಗಿ ಗುದ್ದಿಸಿಕೊಂಡೇ ಬರಬೇಕು. ತೊಂದರೆ ಸೆಕೆಯದು. ಪೆಟ್ಟಾದ ಜಾಗದಿಂದ ಕೆಳಗೆ ನನಗೆ ಬೆವರುವುದಿಲ್ಲ, ತಗಡಿನ ಚಾವಣಿಯ ಕೆಳಗೆ ಮೈ ಬಿಸಿ ಏರುತ್ತದೆ, ಇಳಿಯುವುದಿಲ್ಲ. ಕತ್ತಿಗೆ ಒದ್ದೆ ಟವೆಲ್, ಕೈಗೆ ನೀರಿನ ಸ್ಪ್ರೇ ಬಾಟಲಿ ಇಟ್ಟುಕೊಂಡೇ ಆಡಿದೆ. ಮಧ್ಯಾಹ್ನದ ಅವಧಿಗಳನ್ನು ಬಿಡಬೇಕಾಯಿತು. ಜನವೂ ಜಾಸ್ತಿ, ಕೋಚ್‌ಗಳು ಕಡಿಮೆ. ಒಬ್ಬೊಬ್ಬರ ಚೇರ್ ನೋಡಿ ತಿದ್ದುವಷ್ಟು ಸಮಯ ಅವರಿಗಿರಲಿಲ್ಲ.

ಪುಣೆಯ ಕ್ಯಾಂಪಿಗೆ ಶುಲ್ಕ 18,000. ಹವಾ ಹಿತ, ಮರದ ನೆಲ, ಪ್ರತಿ ದಿನ ವಿಡಿಯೊ ತೋರಿಸಿ ವಿವರಣೆ. ಕೋಚ್ ನಿಜಕ್ಕೂ ತಿಳಿದವರು. ಬಾಲ್ ಪುಟಿಸದೆ ಎರಡಕ್ಕಿಂತ ಹೆಚ್ಚು ಸಲ ಚಕ್ರ ತಳ್ಳಬಾರದು ಅನ್ನುವ ನಿಯಮದೊಳಗೆ ವೇಗ ಹೆಚ್ಚಿಸುವುದು ಹೇಗೆ, ತಿರುಗುವಾಗ ಒಂದು ಚಕ್ರ ಹಿಡಿದು ಇನ್ನೊಂದನ್ನು ಬಿಡುವ ಹೊತ್ತು ಯಾವುದು, ಇಷ್ಟನ್ನೇ ಒಂದು ಇಡೀ ದಿನ ಮಾಡಿಸಿದರು. ಆದರೆ ಉಳಿದ ಅವಧಿಯೆಲ್ಲ ಶೂಟಿಂಗ್. ಪೂರ್ತಿ ದುಡ್ಡು ಕೊಟ್ಟು ಬಂದವರು ಹೆಚ್ಚಿನವರು ಕೆಲಸವಿರುವ ಹೈ ಪಾಯಿಂಟರ್‌ಗಳು, ಅವರಿಗೆ ಬೇಕಾದದ್ದೂ ಅದೇ. ಸೀಲ್, ಪಿಕ್ ಅಂತ ನಾನು ಕೇಳಿದಾಗ ಅರ್ಧ ಗಂಟೆ ಸಿಕ್ಕಿತು.

ವಸತಿ ಕೊನೆಗೂ ಸರಿಹೋಗಲಿಲ್ಲ. ‘ವ್ಹೀಲ್‌ಚೇರ್ ಹೋಗುವ ಕೋಣೆ’ ಅಂತ ಬರೆದಿದ್ದರು. ಕೋಣೆಗೆ ಹೋಗುತ್ತಿತ್ತು, ಬಚ್ಚಲಿಗೆ ಹೋಗುತ್ತಿರಲಿಲ್ಲ. ಅವ್ವ ಬಾಗಿಲಿಗೆ ಗೇಣು ಹಾಕಿ ನೋಡಿ ಕೆಳಗಿಳಿದು ಹೋಗಿ ಕೇಳಿದಳು, ‘ಇಷ್ಟ್ ರೊಕ್ಕಾ ಇಸ್ಕೊಂಡೀರಿ, ಬಾಗಲಾ ಸಣ್ಣದೈತಿ ಅಂತ ಒಂದ ಮಾತ ಹೇಳಾಕ ಬರ್ತಿರ್ಲಿಲ್ಲೇನ್ರಿ?’ ಕೊಟ್ಟ ಹಣ ವಾಪಸ್ ಬರಲಿಲ್ಲ. ಹತ್ತಿರದ ಲಾಡ್ಜಿಗೆ 7,500 ಕೊಟ್ಟು ಉಳಿದೆವು. ಮೂತ್ರ ತೆಗೆಯಲು ದಿನಕ್ಕೆ ಹಲವು ಸಲ ಕ್ಯಾತಿಟರ್ (ನಳಿಕೆ) ಹಾಕಿಕೊಳ್ಳುವ ನನ್ನಂಥವರಿಗೆ ಬಚ್ಚಲು ಸೌಕರ್ಯದ ಮಾತಲ್ಲ. ಅಲ್ಲಿ ಸ್ವಚ್ಛವಾಗಿ ಕೆಲಸ ಮುಗಿಯದಿದ್ದರೆ ಮೂತ್ರದ ಸೋಂಕು ಬರುತ್ತದೆ, ಮುಂದಿನ ವಾರ ಆಟವೇ ಇಲ್ಲ. ಅವ್ವನ ಬಾಬ್ತು 4,200, ರೈಲು 500, ಗಾಡಿ 1,600, ಸಂಬಳ ಕಡಿತ 4,500. ಒಟ್ಟು 36,300.

ಹುಬ್ಬಳ್ಳಿಯಲ್ಲಿ ನಾವು ಎಂಟು ಜನ ಸೇರಿ ಒಬ್ಬ ಕೋಚ್‌ರನ್ನು ಕರೆಸಿದೆವು. ಅವರ ಗೌರವಧನ 16,000, ಪ್ರಯಾಣ ಮತ್ತು ವಸತಿ 7,000, ಒಳಾಂಗಣದ ಬಾಡಿಗೆ 9,000. ತಲೆಗೆ 4,000 ಬಂತು. ದಿನವೂ ಹೋಗಿಬರುವ ಆಟೊಗೆ 1,000, ಅರ್ಧ ದಿನದ ರಜೆಗಳಿಂದ ಸಂಬಳದಲ್ಲಿ 2,000. ಒಟ್ಟು 7,000. ಧಾರವಾಡದಿಂದ ಬರುವ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಪುಕ್ಕಟೆ ನಿಜ, ಆದರೆ ಬಸ್ಸಿನ ಮೆಟ್ಟಿಲು ಹತ್ತಿಸುವವರು ಯಾರು? ಅವರೂ ಆಟೊ ಹಂಚಿಕೊಂಡೇ ಬಂದರು.

ಈ ಕ್ಯಾಂಪಿನಲ್ಲಿ ಪೂರ್ತಿ ಪಂದ್ಯ ಆಡಲು ಆಗಲಿಲ್ಲ. ಎಂಟು ಜನರಲ್ಲಿ ಆರು ಲೋ ಪಾಯಿಂಟರ್, ಎದುರಿಗೆ ನುಗ್ಗಿ ಬರುವ ದೊಡ್ಡ ಆಟಗಾರನಿಲ್ಲ. ನೆಲ ಸಿಮೆಂಟಿನದು, ಟೈರ್ ತಿನ್ನುತ್ತದೆ. ಆದರೆ ಮೊದಲ ದಿನ ಆ ಕೋಚ್ ಬಾಲ್ ಮುಟ್ಟಲೇ ಇಲ್ಲ. ಒಂದು ಟೇಪು, ಒಂದು ಸ್ಪ್ಯಾನರ್ ಸೆಟ್ ಹಿಡಿದು ಒಬ್ಬೊಬ್ಬರ ಚೇರ್ ಪಕ್ಕ ನೆಲದ ಮೇಲೆ ಕೂತರು. ನಿಯಮದ ಪ್ರಕಾರ ಲೋ ಪಾಯಿಂಟರ್ ಸೀಟು 63 ಸೆಂಟಿಮೀಟರ್‌ವರೆಗೆ ಎತ್ತರ ಇಟ್ಟುಕೊಳ್ಳಬಹುದು, 3.5 ಮತ್ತು ಅದರ ಮೇಲಿನವರಿಗೆ 58. ಎತ್ತರ ಸಿಗುತ್ತೆ ಅಂತ ನನ್ನ ಚೇರ್ ಕಟ್ಟಿಕೊಟ್ಟವರು ಮೇಲೆಯೇ ಇಟ್ಟಿದ್ದರು. ಇವರು ಸೀಟಿನ ಹಿಂಭಾಗ ಇಳಿಸಿದರು, ಮಂಡಿ ಸೊಂಟಕ್ಕಿಂತ ಮೇಲೆ ಬಂತು, ತೊಡೆಯ ಮೇಲಿನ ಸ್ಟ್ರ್ಯಾಪ್ ಒಂದು ರಂಧ್ರ ಬಿಗಿಯಾಯಿತು. ‘ಈಗ ಎರಡೂ ಕೈ ಮೇಲೆ ಎತ್ತು ನೋಡೋಣ’ ಅಂದರು. ಎತ್ತಿದೆ. ಮುಂದಕ್ಕೆ ಮುಗ್ಗರಿಸಲಿಲ್ಲ. ಇಷ್ಟು ವರ್ಷ ಒಂದು ಕೈ ಚಕ್ರದ ಮೇಲೆ ಊರಿಕೊಂಡೇ ಪಾಸ್ ಹಿಡಿಯುತ್ತಿದ್ದವಳು ನಾನು. ಮೂರೂ ಕ್ಯಾಂಪ್ ಸೇರಿ ನನ್ನ ಆಟಕ್ಕೆ ಆದ ಅತಿ ದೊಡ್ಡ ಲಾಭ ಈ ಸ್ಪ್ಯಾನರ್ ಕೆಲಸ.

ಹಾಗಂತ ಪುಣೆಯದ್ದು ಎಲ್ಲರಿಗೂ ನಷ್ಟ ಅನ್ನಲಾರೆ. ನಮ್ಮ ತಂಡದಲ್ಲೇ ಒಂದು ಕಾಲು ಕಳೆದುಕೊಂಡ 4.0 ಪಾಯಿಂಟಿನ ಹುಡುಗ ಇದ್ದಾನೆ. ಕೃತಕ ಕಾಲು ಹಾಕಿಕೊಂಡು ಒಬ್ಬನೇ ಓಡಾಡುತ್ತಾನೆ, ಚೇರ್ ತಾನೇ ಹೊತ್ತು ಹತ್ತಿಸುತ್ತಾನೆ, ಯಾವ ಬಚ್ಚಲಾದರೂ ನಡೆಯುತ್ತದೆ. ಅದೇ ಕ್ಯಾಂಪಿಗೆ ಅವನಿಗಾದ ಖರ್ಚು 20,000 ಚಿಲ್ಲರೆ. ಶೂಟಿಂಗ್ ಅವಧಿಗಳೆಲ್ಲ ಅವನಿಗೇ ಹೇಳಿ ಮಾಡಿಸಿದಂತಿದ್ದವು; ಬಂದ ಮೇಲೆ ಅವನ ಗುರಿ ಎಷ್ಟು ಸುಧಾರಿಸಿತು ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ದೇಹಕ್ಕೆ ಹೆಚ್ಚು ನೆರವು ಬೇಕಾದವರಿಗೇ ಅದೇ ಕ್ಯಾಂಪ್ ಹೆಚ್ಚು ದುಬಾರಿಯಾಗುತ್ತದೆ, ಅವರ ಪಾಲಿಗೆ ಕಲಿಸುವುದೂ ಕಡಿಮೆ ಬರುತ್ತದೆ. ಇದು ನನಗೆ ತೀರಾ ಅನ್ಯಾಯ ಅನ್ನಿಸುತ್ತದೆ. ಜೊತೆಗಾರರ ಊಟ ವಸತಿಯನ್ನು ಕ್ಯಾಂಪಿನ ಬಜೆಟ್ಟಿನೊಳಗೇ ಸೇರಿಸಬೇಕು, ಪ್ರಾಯೋಜಕರ ಹತ್ತಿರ ಕೇಳುವಾಗಲೇ ಕೇಳಬೇಕು.

ಲೋ ಪಾಯಿಂಟರ್‌ಗಳು ಹಣ ಕಟ್ಟುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು ಇಷ್ಟು. ಬಚ್ಚಲ ಬಾಗಿಲ ಅಗಲ ಎಷ್ಟು ಇಂಚು, ಟೇಪು ಹಿಡಿದ ಫೋಟೊ ಕಳಿಸುತ್ತೀರಾ? ಬರುವವರಲ್ಲಿ ಯಾವ ಕ್ಲಾಸಿನವರು ಎಷ್ಟು ಜನ? ಚೇರ್ ಸರಿಪಡಿಸುವವರು ಇರುತ್ತಾರಾ? ಇದಕ್ಕೆ ತಡವರಿಸಿದರೆ ಅಡ್ವಾನ್ಸ್ ಕಳಿಸಬೇಡಿ.

ಈ ವರ್ಷ ನಾನು ಮೊದಲು ಹುಬ್ಬಳ್ಳಿಯಲ್ಲಿ ಅದೇ ಕೋಚ್‌ರನ್ನು ಕರೆಸುವವರ ಜೊತೆ ಸೇರುತ್ತೇನೆ, ಚೇರ್ ಹದಕ್ಕೆ ಬಂದ ಮೇಲೆ ಚಳಿಗಾಲದ ಹೊತ್ತಿಗೆ ಚೆನ್ನೈಗೆ ಹೋಗುತ್ತೇನೆ. ಹಳೆಯ ಲೆಕ್ಕದಲ್ಲಿ ಎರಡೂ ಸೇರಿ 20,100, ಪುಣೆಗಿಂತ 16,200 ಕಡಿಮೆ. ಆ ಹಣ ಒಳ್ಳೆಯ ಗಾಳಿ ಕುಶನ್‌ಗೆ ಅಂತ ತೆಗೆದಿಟ್ಟಿದ್ದೇನೆ. ರಾತ್ರಿಯಿಡೀ ರೈಲಿನಲ್ಲಿ ಹೋಗಿ ಮರುದಿನ ಹಗಲೆಲ್ಲ ಆಡುವವರಿಗೆ ಕೂತಲ್ಲಿ ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ.