ಕಿಸಿಕಿ ಹಾಯ್ ತರಬೇತಿ: ಒಂದು ಸಸಿಯನ್ನೂ ಕೊಡಲಿಲ್ಲ, ಆದರೂ ಮರ ಬಂತು

ತಾಂಜಾನಿಯಾದ ಡೊಡೊಮಾ ಕಡೆ ಸಣ್ಣ ರೈತರ ಜೊತೆ ಕೆಲಸ ಮಾಡುತ್ತಾ ನಾಲ್ಕು ವರ್ಷವಾಯಿತು. ಇಲ್ಲಿ ಮಳೆಗಾಲ ಒಂದೇ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಮೊದಲ ವರ್ಷ ಒಂದು ಯೋಜನೆಯವರು ಲಾರಿ ತುಂಬಾ ಸಸಿ ತಂದರು. ಎಲ್ಲರೂ ಸೇರಿ ನೆಟ್ಟೆವು. ಆಗಸ್ಟ್ ಹೊತ್ತಿಗೆ ಮುಕ್ಕಾಲು ಪಾಲು ಒಣಗಿ ಕಡ್ಡಿಯಾಗಿದ್ದವು. ಕುಡಿಯುವ ನೀರನ್ನೇ ದೂರದಿಂದ ಹೊರುವವರು ಸಸಿಗೆ ಎಲ್ಲಿಂದ ತರಬೇಕು?

ಹಾಗಾಗಿ ಈ ಎರಡು ದಿನದ ತರಬೇತಿಗೆ ಯಾರೂ ಖುಷಿಯಿಂದ ಬಂದಿರಲಿಲ್ಲ. ಕಿಸಿಕಿ ಹಾಯ್ ಅಂದರೆ ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಜೀವ ಇರುವ ಮೋಟು, ಅಂದರೆ ಕಡಿದ ಮರದ ಬುಡ. ಕಲಿಸಿದವರು ಪಕ್ಕದ ಹಳ್ಳಿಯ ರೈತ ಮಹಿಳೆ. ಕೈಯಲ್ಲಿ ಒಂದು ಪಾಂಗಾ, ಅಂದರೆ ಉದ್ದನೆಯ ಮಚ್ಚು, ಅಷ್ಟೇ.

ನೇರ ಹೊಲಕ್ಕೆ ಕರೆದೊಯ್ದರು. ಜೋಳದ ಕೂಳೆಯ ನಡುವೆ ಮೊಣಕಾಲೆತ್ತರದ ಪೊದೆಗಳು. ಬಿತ್ತನೆಗೆ ಮುಂಚೆ ಎಲ್ಲರೂ ಕಡಿದು ಸುಡುತ್ತಿದ್ದದ್ದು ಅವನ್ನೇ. "ಇವು ಪೊದೆಗಳಲ್ಲ, ನಾವು ಕಡಿದ ಮರಗಳು. ಬೇರು ಇನ್ನೂ ಬದುಕಿದೆ" ಎಂದರು. ಒಂದು ಮೋಟಿಗೆ ಮೂರ್ನಾಲ್ಕು ಗಟ್ಟಿ ಚಿಗುರು ಉಳಿಸಿ ಮಿಕ್ಕದ್ದನ್ನು ಸವರಬೇಕು. ಉಳಿದ ಚಿಗುರಿನಲ್ಲೂ ಕೆಳಗಿನ ಅರ್ಧದ ಪಕ್ಕದ ಕೊಂಬೆ ತೆಗೆಯಬೇಕು. ಏಟು ಕೆಳಗಿನಿಂದ ಮೇಲಕ್ಕೆ ಬೀಳಬೇಕು, ಇಲ್ಲದಿದ್ದರೆ ತೊಗಟೆ ಸೀಳುತ್ತದೆ. ಕೊನೆಗೆ ಬಣ್ಣದ ಬಟ್ಟೆ ಚೂರು ಕಟ್ಟಬೇಕು, ಇದನ್ನು ಯಾರೋ ಕಾಯುತ್ತಿದ್ದಾರೆ ಅಂತ ದಾರಿಹೋಕರಿಗೆ ಗೊತ್ತಾಗಲು. ಸುಮ್ನೆ ಹೇಳಿ ಬಿಡಲಿಲ್ಲ, ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿದರು.

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಕಥೆಯನ್ನೂ ಹೇಳಿದರು. 1980ರ ದಶಕದಲ್ಲಿ ಮರಾಡಿ ಕಡೆ ಟೋನಿ ರಿನೌಡೊ ಎಂಬ ಆಸ್ಟ್ರೇಲಿಯಾದವರು ನೆಟ್ಟ ಸಸಿಗಳಲ್ಲಿ ಬಹುತೇಕ ಸತ್ತು, ಸೋತು ಕೂತಿದ್ದಾಗ ಇಂಥದ್ದೇ ಪೊದೆ ಕಣ್ಣಿಗೆ ಬಿತ್ತಂತೆ. ಆಮೇಲೆ ಆ ದೇಶದ ರೈತರು ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಎಬ್ಬಿಸಿದರು. ನಮ್ಮವರು ಮೈಯೆಲ್ಲಾ ಕಿವಿಯಾಗಿ ಕೇಳಿದರು. ಅವರ ಸಸಿಗಳೂ ಸತ್ತಿದ್ದವು, ಅಲ್ವಾ?

ಎರಡು ಕೊರತೆ ಹೇಳಲೇಬೇಕು. ತರಬೇತಿ ಬೆಳಿಗ್ಗೆ ಇಟ್ಟಿದ್ದರು. ಅದು ಹೆಂಗಸರು ನೀರಿಗೆ ಹೋಗುವ ಹೊತ್ತು, ಅರ್ಧದಷ್ಟು ಜನಕ್ಕೆ ಬರಲಾಗಲಿಲ್ಲ. ಇನ್ನೊಂದು, ಮೇಕೆಗಳ ವಿಷಯ. ಕೊಯ್ಲಾದ ಮೇಲೆ ಹಿಂಡು ಯಾರ ಹೊಲಕ್ಕೆ ಬೇಕಾದರೂ ನುಗ್ಗುತ್ತದೆ. ಇದಕ್ಕೆ ಊರೆಲ್ಲ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಅದರ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ತರಬೇತಿ ಆದ ಮೊದಲ ವರ್ಷ ಮೇಕೆಗಳಿಂದಲೇ ಜಾಸ್ತಿ ಚಿಗುರು ಹೋದವು.

ಈಗ ಎರಡು ಮಳೆಗಾಲ ಕಳೆದಿವೆ. ನಮ್ಮ ಪಕ್ಕದ ಮನೆಯ ಅಜ್ಜಿಯ ಹೊಲದಲ್ಲಿ ಹದಿನೇಳು ಮೋಟು ನನ್ನ ತಲೆಗಿಂತ ಎತ್ತರ ಕೊನರಿವೆ. ಸವರಿದ ಕೊಂಬೆಯಲ್ಲೇ ಅವರ ಒಲೆ ಉರಿಯುತ್ತಿದೆ. ಮುಂದಿನ ತಿಂಗಳು ಇನ್ನೊಂದು ತರಬೇತಿ ಇದೆ. ಮಧ್ಯಾಹ್ನ ಇಡಿ ಅಂತ ಕೇಳಿದ್ದೆವು, ಒಪ್ಪಿದ್ದಾರೆ.