ಐಟಿನರರಿಯೋ, ಷೆಡ್ಯೂಲ್ ಮಾಡೆಲ್ಲೋ?

ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಕೂತು ರಿಸ್ಕ್-ಫೈವ್ ಚಿಪ್‌ಗೆ ಕಂಪೈಲರ್ ಹೊಂದಿಸುತ್ತಿದ್ದೀರಾ? ಚಿಪ್‌ನ ಪೈಪ್‌ಲೈನನ್ನು (ಇನ್‌ಸ್ಟ್ರಕ್ಷನ್‌ಗಳು ಹಂತಹಂತವಾಗಿ ಸಾಗುವ ಸಾಲು) ವಿವರಿಸಲು ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟಿನಲ್ಲಿ ಎರಡು ದಾರಿಗಳಿವೆ: ಐಟಿನರರಿ, ಷೆಡ್ಯೂಲ್ ಮಾಡೆಲ್.

ಐಟಿನರರಿ ಹಳೆಯದು. ಇನ್‌ಸ್ಟ್ರಕ್ಷನ್ ಯಾವ ಹಂತದಲ್ಲಿ ಯಾವ ಯೂನಿಟ್ ಹಿಡಿಯುತ್ತದೆ, ಎಷ್ಟು ಸೈಕಲ್ ಹಿಡಿಯುತ್ತದೆ ಅಂತ ಬಿಡಿಸಿ ಬರೆಯಬೇಕು. ಹೆಕ್ಸಗಾನ್‌ನಂಥ ವಿಎಲ್‌ಐಡಬ್ಲ್ಯೂ ಚಿಪ್‌ಗೆ (ಹಲವು ಇನ್‌ಸ್ಟ್ರಕ್ಷನ್‌ಗಳನ್ನು ಒಂದೇ ಕಟ್ಟಾಗಿ ಓಡಿಸುವಂಥದ್ದು) ಇದೇ ಸರಿ.

ನಿಮಗೆ ಷೆಡ್ಯೂಲ್ ಮಾಡೆಲ್ಲೇ ಒಳ್ಳೆಯದು. ಇಲ್ಲಿ ಲೆಕ್ಕ ಆಪರೆಂಡ್‌ನದ್ದು, ಅಂದರೆ ಇನ್‌ಸ್ಟ್ರಕ್ಷನ್ ಓದುವ, ಬರೆಯುವ ಮೌಲ್ಯದ್ದು. ಮೆಮೊರಿಯಿಂದ ಓದುವ ಲೋಡ್‌ಗೆ 3 ಸೈಕಲ್ ಅಂತಿಟ್ಟುಕೊಳ್ಳಿ. ಅದರ ಫಲ ಬೇಕಾದ ಆಡ್ (ಕೂಡಿಸುವ ಇನ್‌ಸ್ಟ್ರಕ್ಷನ್) ಸುಮ್ನೆ ಕಾಯಬೇಕು, ಅಲ್ವಾ? ಆಡ್ ಆ ಆಪರೆಂಡನ್ನು ಒಂದು ಸೈಕಲ್ ತಡವಾಗಿ ಓದುತ್ತದೆ ಅಂತಾದರೆ, ರೀಡ್‌ಅಡ್ವಾನ್ಸ್ 1 ಅಂತ ಬರೆಯಿರಿ. ಕಾಯುವುದು 2ಕ್ಕೆ ಇಳಿಯುತ್ತದೆ. ಮೈಕ್ರೋ-ಆಪ್ ಬಫರ್ (ಸರದಿಗೆ ಕಾಯುವ ಕಿರು-ಕೆಲಸಗಳ ಜಾಗ) 0 ಕೊಟ್ಟರೆ ಇನ್-ಆರ್ಡರ್ ಚಿಪ್, ಅಂದರೆ ಇನ್‌ಸ್ಟ್ರಕ್ಷನ್‌ಗಳನ್ನು ಬರೆದ ಕ್ರಮದಲ್ಲೇ ಓಡಿಸುವಂಥದ್ದು.

ಬರೆದದ್ದನ್ನು ಎಲ್‌ಎಲ್‌ವಿಎಂ-ಎಂಸಿಎಯಲ್ಲಿ (ಕೋಡ್ ಎಷ್ಟು ಸೈಕಲ್ ಹಿಡಿಯುತ್ತದೆ ಅಂತ ಅಂದಾಜಿಸುವ ಸಾಧನ) ಓಡಿಸಿ ನೋಡಬಹುದು. ಐಟಿನರರಿ ಅದಕ್ಕೆ ಆಗುವುದಿಲ್ಲ.