ಮಿನಾಕ್ಸಿಡಿಲ್ 5%: ಸುಳಿಗೆ ಸೈ, ಹಣೆಗೆ ಅಷ್ಟಕ್ಕಷ್ಟೇ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನೆತ್ತಿಯ ಸುಳಿಯ ಸುತ್ತ ಕೂದಲು ತೆಳ್ಳಗಾಗುತ್ತಿದ್ದರೆ ತಲೆಗೆ ಹಚ್ಚುವ ಈ ಕೂದಲಿನ ಔಷಧಿಯನ್ನು ಕೊಳ್ಳಬಹುದು. ಹಣೆಯ ಎರಡೂ ಮೂಲೆಯಲ್ಲಿ ಹಿಂದೆ ಸರಿದ ಗೆರೆ ಮತ್ತೆ ಮುಂದೆ ಬರಲಿ ಅಂತಿದ್ದರೆ ಜಾಸ್ತಿ ಆಸೆ ಬೇಡ. ನನಗೆ ಎರಡೂ ತೊಂದರೆ ಇತ್ತು. ಇದರ ಲೋಷನ್ನೂ ಹಚ್ಚಿದ್ದೇನೆ, ನೊರೆಯಂಥ ಫೋಮೂ ಹಚ್ಚಿದ್ದೇನೆ.

ಮೊದಲು ರೋಗ ಯಾವುದು ಅಂತ ತಿಳಿಯಬೇಕು, ಅಲ್ವಾ? ಟೋಪಿ ಹಾಕಿದ್ದಕ್ಕೆ ಬೋಳಾಯಿತು, ಶಾಂಪೂ ಬದಲಿಸಿದ್ದಕ್ಕೆ ಉದುರಿತು ಅನ್ನುವವರ ಮಾತು ಬಿಡಿ. ಗಂಡಸರ ಸಾಮಾನ್ಯ ಬೋಳಿಗೆ ಕಾರಣ ಹುಟ್ಟಿನಿಂದ ಬಂದ ಗುಣ ಮತ್ತು ಡಿಎಚ್‌ಟಿ ಎಂಬ ಹಾರ್ಮೋನು. ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿಯಾಗಿ ಮಾರ್ಪಡಿಸುತ್ತದೆ. ಅದರ ಪ್ರಮಾಣ ಎಲ್ಲರಷ್ಟೇ ಇದ್ದರೂ, ಕೆಲವರ ಹಣೆ ಮತ್ತು ನೆತ್ತಿಯ ಕೂದಲ ಬುಡಕ್ಕೆ ಅದು ಒಗ್ಗುವುದಿಲ್ಲ. ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಕೂದಲಿಗೆ ಅದರ ಕಾಟ ಅಷ್ಟಿಲ್ಲ. ಕೂದಲು ನಾಟಿ ಮಾಡುವವರು ಹಿಂದಿನಿಂದ ಕಿತ್ತು ಮುಂದಕ್ಕೆ ನೆಡುವುದು ಅದಕ್ಕೇ. ತಾಯಿಯ ಅಪ್ಪನ ತಲೆ ನೋಡಿದರೆ ಸಾಕು ಅನ್ನುವ ಮಾತು ಅರ್ಧ ನಿಜ. ಮುಖ್ಯವಾದ ಒಂದು ಜೀನ್ ತಾಯಿ ಕೊಡುವ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಆದರೆ ಅಪ್ಪನ ಕಡೆಯಿಂದ ಬರುವುದೂ ಬೇಕಾದಷ್ಟಿದೆ.

ಬೋಳು ಒಮ್ಮೆಲೇ ಬರುವುದಿಲ್ಲ. ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ನಿದ್ದು, ಉದುರಿ, ಅದೇ ಬುಡದಲ್ಲಿ ಹೊಸದು ಹುಟ್ಟುತ್ತದೆ. ಡಿಎಚ್‌ಟಿ ತಾಗಿದ ಬುಡದಲ್ಲಿ ಪ್ರತಿ ಸುತ್ತಿಗೂ ಬೆಳೆಯುವ ಅವಧಿ ಕುಗ್ಗುತ್ತದೆ, ಎಳೆ ಸಣ್ಣದಾಗುತ್ತದೆ. ಕೊನೆಗೆ ಉಳಿಯುವುದು ಕೈಗೂ ಸಿಗದ ನವಿರು ಕೂದಲು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಹಾಗಾಗಿ ಬಚ್ಚಲ ಜಾಲರಿಯಲ್ಲಿ ಎಷ್ಟು ಬಿತ್ತು ಅಂತ ಎಣಿಸುವುದಕ್ಕಿಂತ ಎಂಥದ್ದು ಬಿತ್ತು ಅಂತ ನೋಡಿ. ನಾನು ಬಿಳಿ ಕಾಗದದ ಮೇಲೆ ಇಟ್ಟು ನೋಡಿದೆ. ದಪ್ಪ ಉದ್ದನೆಯವುಗಳ ಜೊತೆ ಬೆರಳ ಗೆಣ್ಣಿನಷ್ಟೇ ಉದ್ದದ, ಬಣ್ಣ ಮಾಸಿದ, ತುದಿ ಚೂಪಾದ ಎಳೆಗಳಿದ್ದವು. ಕತ್ತರಿ ಮುಟ್ಟುವಷ್ಟು ಬೆಳೆಯುವ ಮೊದಲೇ ಉದುರಿದ್ದವು ಅವು. ಡಾಕ್ಟರಿಗೆ ಅದನ್ನು ತೋರಿಸಿದ್ದು ಉಪಯೋಗವಾಯಿತು. ನನ್ನದು ನಾರ್ವುಡ್ 3 ಅಂದರು, ಸುಳಿಯ ಹತ್ತಿರವೂ ಶುರುವಾಗಿದೆ ಅಂದರು. ನಾರ್ವುಡ್ ಅಂದರೆ ಬೋಳಿನ ಹಂತ ಅಳೆಯುವ ಪಟ್ಟಿ; ಹ್ಯಾಮಿಲ್ಟನ್ ಎಂಬವರು 1951ರಲ್ಲಿ ಮಾಡಿದ ವರ್ಗೀಕರಣವನ್ನು ನಾರ್ವುಡ್ ಎಂಬವರು 1975ರಲ್ಲಿ ತಿದ್ದಿದರು. ಅದರಲ್ಲಿ 7 ಹಂತಗಳಿವೆ.

ಇನ್ನು ಔಷಧಿ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂತು, ಅಲ್ಲಿಂದ ಹಚ್ಚುವ ಔಷಧಿಯ ಯೋಚನೆ ಹುಟ್ಟಿತು. 1988ರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ ಗಂಡಸರಿಗೆ 2% ಲೋಷನ್ ಒಪ್ಪಿತು. ಇದು ಡಿಎಚ್‌ಟಿಯ ಗೋಜಿಗೇ ಹೋಗುವುದಿಲ್ಲ. ಬೆಳೆಯುವ ಅವಧಿಯನ್ನು ಎಳೆದು ಉದ್ದ ಮಾಡುತ್ತದೆ, ಅಷ್ಟೇ. ಕಾರಣ ಹಾಗೇ ಉಳಿದಿರುತ್ತದೆ. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆಯಬೇಕಾದ್ದು ಇದನ್ನೇ. ನಾನು ಕೊಂಡದ್ದರಲ್ಲಿ ಒಳಗಿನ ಮಡಿಚಿದ ಕಾಗದದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು.

ಮೊದಲ ಕೆಲವು ವಾರ ಉದುರುವುದು ಇನ್ನೂ ಜಾಸ್ತಿಯಾಗಬಹುದು. ಹೆದರಿ ಬಿಡಬೇಡಿ. ಸುಮ್ನೆ ಕೂತಿದ್ದ ಹಳೆ ಕೂದಲನ್ನು ಹೊಸದು ಹೊರಗೆ ತಳ್ಳುತ್ತದೆ. ನಾಲ್ಕು ತಿಂಗಳಾದರೂ ಕಾಯಬೇಕು. ನನ್ನ ಸುಳಿಯ ಹತ್ತಿರ ಮೊದಲು ಮೂಡಿದ್ದು ನವಿರು ಕೂದಲು, ಆಮೇಲೆ ಅದೇ ದಪ್ಪವಾಯಿತು. ಹಣೆಯ ಮೂಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಂದಿದೆ, ನಾನೇ ಕನ್ನಡಿಗೆ ಮೂಗು ತಾಗಿಸಿ ನೋಡಿದರೆ ಕಾಣುತ್ತದೆ.

ಲೋಷನ್ ಬಗ್ಗೆ ನನ್ನ ತಕರಾರು ಜಾಸ್ತಿ. ದಿನಕ್ಕೆ ಎರಡು ಸಲ, ಸಲಕ್ಕೆ 1 ಮಿಲಿ. ಡ್ರಾಪರಿನಿಂದ ಬಿದ್ದದ್ದು ನಿಲ್ಲುವುದಿಲ್ಲ, ಹುಬ್ಬಿನವರೆಗೆ ಇಳಿಯುತ್ತದೆ. ಕೂದಲು ಅಂಟಂಟು. ಒಣಗಿದ ಮೇಲೆ ಬಿಳಿ ಪುಡಿ, ನೋಡಿದವರು ಹೊಟ್ಟು ಅಂದುಕೊಳ್ಳುತ್ತಾರೆ. ಮೇಲೆ ತುರಿಕೆ ಬೇರೆ. ಇದಕ್ಕೆ ಹೆಚ್ಚಾಗಿ ಕಾರಣ ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್. ಫೋಮಿನಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಫೋಮಿಗೆ ಬದಲಿಸಿದ ಮೇಲೆ ನನ್ನ ತುರಿಕೆ ನಿಂತಿತು. ಫೋಮಿಗೂ ಒಂದು ಕಿರಿಕಿರಿ ಇದೆ. ಬೆರಳ ಬಿಸಿಗೆ ಕರಗಿ ತಲೆ ಮುಟ್ಟುವ ಮೊದಲೇ ನೀರಾಗುತ್ತದೆ. ಕೈಯನ್ನು ತಣ್ಣೀರಲ್ಲಿ ತೊಳೆದು ಒರೆಸಿಕೊಂಡು ಹಚ್ಚಿದರೆ ಸರಿ. ನಾನು ಕೊಡುವ ಅಂಕ: ಲೋಷನ್ನಿಗೆ 5ಕ್ಕೆ 3, ಫೋಮಿಗೆ 4.

ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಎದೆ ಡವಡವ, ತಲೆ ಸುತ್ತು ಶುರುವಾದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕೂದಲು ದುಂಡಗೆ ಬಿಲ್ಲೆಯಂತೆ ಕಿತ್ತು ಹೋಗಿದ್ದರೆ, ಅಥವಾ ದೊಡ್ಡ ಜ್ವರದ ನಂತರ ರಾಶಿ ಉದುರುತ್ತಿದ್ದರೆ ಕಾರಣವೇ ಬೇರೆ ಇರಬಹುದು, ಮೊದಲು ತೋರಿಸಿಕೊಂಡೇ ಕೊಳ್ಳಿ. ಹಚ್ಚಿದ ಮೇಲೆ ಕೈ ತೊಳೆಯಿರಿ, ಪೂರ್ತಿ ಒಣಗುವವರೆಗೆ ದಿಂಬಿಗೆ ತಲೆ ಇಡಬೇಡಿ. ಮನೆಯಲ್ಲಿ ಬೆಕ್ಕಿದ್ದರಂತೂ ಬಾಟಲಿ ಮುಚ್ಚಿ ಎತ್ತಿಡಿ. ಬೆಕ್ಕಿಗೆ ಇದು ಸ್ವಲ್ಪ ನೆಕ್ಕಿದರೂ ವಿಷ.